ಫ್ರೀಜರ್ ತುಂಬಾ ಸಾಮಾನು, ತಟ್ಟೆಗೆ ಮಾತ್ರ ಏನೂ ಇಲ್ಲ! ಐದು ಜನ, ಐದು ನಾಲಿಗೆ. ಶ್ರಾವಣದೊಳಗೆ ಖಾಲಿ ಮಾಡೋದು ಹೇಗೆ?

ಕುವೆಂಪುನಗರದ_ಸೊಸೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇದು ಅಡುಗೆ ಪ್ರಶ್ನೆಯೋ ಸಂಸಾರದ ಪ್ರಶ್ನೆಯೋ ನನಗೇ ಗೊತ್ತಾಗುತ್ತಿಲ್ಲ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮೈದುನ ಮಂಡ್ಯದಲ್ಲಿ ಇಟ್ಟಿದ್ದ ಐಸ್‌ಕ್ರೀಂ ಅಂಗಡಿ ಮುಚ್ಚಿದ. ಅಲ್ಲಿದ್ದ ಡೀಪ್ ಫ್ರೀಜರ್ ಮೈಸೂರಿಗೆ, ನಮ್ಮ ಮನೆಗೆ ಬಂತು. ಮೇಲಿನಿಂದ ಮುಚ್ಚಳ ಎತ್ತುವಂಥದ್ದು. ಅದು ಬಂದದ್ದೇ ತಡ, ಪಾಂಡವಪುರದ ಹತ್ತಿರ ಊರಲ್ಲಿರುವ ನಮ್ಮತ್ತೆಗೆ ಹುಮ್ಮಸ್ಸು ಹೆಚ್ಚಾಯಿತು. ಸಂಕ್ರಾಂತಿ ಹೊತ್ತಿಗೆ ಹಿತಕಿದ ಬೇಳೆ ಬಂತು. ಹಿಂದೆಯೇ ತೊಗರಿಕಾಯಿ ಕಾಳು. ಯುಗಾದಿ ಆದಮೇಲೆ ಉಳಿದ ಒಬ್ಬಟ್ಟಿನ ಹೂರಣ. ಊರಿನಿಂದ ಯಾರು ಬಂದರೂ ಕೈಯಲ್ಲಿ ಒಂದು ಚೀಲ ಇದ್ದೇ ಇರುತ್ತೆ.

ಇವತ್ತು ಮುಚ್ಚಳ ತೆಗೆದು ಲೆಕ್ಕ ಹಾಕಿದೆ. ಹಿತಕಿದ ಬೇಳೆ 6 ಕವರ್, ನಾಟಿ ಕೋಳಿ 2 (ಒಂದೊಂದೂ ಇಟ್ಟಿಗೆ ಥರ), ಕೈಮಾ ಒಂದೂವರೆ ಕೆ.ಜಿ., ಕುರಿ ಕಾಲು, ಬಟಾಣಿ 3 ಕೆ.ಜಿ. (ಇದು ನಮ್ಮನೆಯವರ ಕೆಲಸ, ದೇವರಾಜ ಮಾರ್ಕೆಟ್‌ನಲ್ಲಿ ಅಗ್ಗಕ್ಕೆ ಸಿಕ್ಕಿತಂತೆ), ತೆಂಗಿನ ತುರಿ, ಹೂರಣ ಎರಡು ಡಬ್ಬಿ. ಜೊತೆಗೆ ಹೆಸರೇ ಇಲ್ಲದ ನಾಲ್ಕು ಗಡ್ಡೆ. ಒಂದು ಗಡ್ಡೆ ಕಂದು, ಎರಡು ಹಳದಿ, ಒಂದು ಏನು ಬಣ್ಣ ಅಂತ ಹೇಳಲಾರೆ.

ಇನ್ನು ತಿನ್ನುವವರು. ನಮ್ಮ ಮಾವ ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳಿಂದ ನಮ್ಮ ಜೊತೆ ಇದ್ದಾರೆ. ಫ್ರಿಜ್ಜಿನಿಂದ ತೆಗೆದದ್ದೆಲ್ಲ ಅವರಿಗೆ ತಂಗಳು. ನಮ್ಮನೆಯವರಿಗೆ ಫ್ರೀಜರ್ ಕೋಳಿ "ಒಂಥರಾ ವಾಸನೆ". ಮಗಳಿಗೆ 11 ವರ್ಷ. ಊರಲ್ಲಿ ಕೋಳಿ ಕುಯ್ಯುವುದನ್ನು ನೋಡಿದಳು, ಅವತ್ತಿನಿಂದ ಮಾಂಸ ಬಿಟ್ಟಳು, ನಾಲ್ಕು ತಿಂಗಳಾಯ್ತು. ಮಗನಿಗೆ 5. ಅವನು ಬಿಳಿ ಬಣ್ಣದ್ದು ಮಾತ್ರ ತಿನ್ನುತ್ತಾನೆ. ಮೊಸರನ್ನ, ಇಡ್ಲಿ, ದೋಸೆ, ಅಕ್ಕಿ ರೊಟ್ಟಿ. ಮೊನ್ನೆ ಪಲಾವ್‌ನಲ್ಲಿದ್ದ ಬಟಾಣಿಯನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ. ಎಣಿಸಿದೆ, ಇಪ್ಪತ್ಮೂರು. ನಾನು ಎಲ್ಲಾ ತಿನ್ನುತ್ತೇನೆ. ಅಂದರೆ ಉಳಿದದ್ದು ತಿನ್ನುವುದು ನನ್ನ ಡ್ಯೂಟಿ.

ಭೀಮನ ಅಮಾವಾಸ್ಯೆಗೆ ಇನ್ನು ಮೂರು ವಾರ. ಶ್ರಾವಣ ಶುರುವಾದರೆ ನಮ್ಮ ಮನೆಯಲ್ಲಿ ಮಾಂಸ ಇಲ್ಲ. ಒಲೆ ಮೇಲೆ ಮಾತ್ರ ಅಲ್ಲ, ಫ್ರೀಜರಿನಲ್ಲೂ ಇರಬಾರದು ಅಂತ ಅತ್ತೆ ಫೋನಲ್ಲಿ ಹೇಳಿದ್ದಾರೆ. ಕಳಿಸಿದವರೂ ಅವರೇ!

ದಿನಾ ಸಂಜೆ ಆರೂವರೆಗೆ ಆಫೀಸಿನಿಂದ ಬಂದು ಮುಚ್ಚಳ ಎತ್ತುತ್ತೇನೆ, ನೋಡುತ್ತೇನೆ, ಮುಚ್ಚುತ್ತೇನೆ, ಉಪ್ಪಿಟ್ಟು ಮಾಡುತ್ತೇನೆ. ಏನಾದರೂ ದಾರಿ ಹೇಳಿ.

---

ತಿಂಡಿಪೋತ_ಸರಸ್ವತಿಪುರಂ · 9:52

ವಿಳಾಸ ಕಳಿಸಿ. ಮೂರು ವಾರ ಬೇಡ, ನನಗೆ ಮೂರು ದಿನ ಸಾಕು.

---

ಮದ್ದೂರ್_ಹೈದ · 9:58

ನಾಟಿ ಕೋಳಿ ಮನೇಲಿ ಇಟ್ಕೊಂಡು ಉಪ್ಪಿಟ್ಟು ತಿಂತಾ ಇದೀರಾ? ಅನ್ಯಾಯ ಕಣಕ್ಕ.

---

ಇಬ್ಬರ_ಅಮ್ಮ · 10:05

ನಿಮ್ಮ ಬಟಾಣಿ ಸಾಲು ಓದಿ ನಗು ಬಂತು, ಆಮೇಲೆ ನನ್ನದೇ ಮನೆ ನೆನಪಾಗಿ ನಗು ನಿಂತಿತು. ನನ್ನ ಚಿಕ್ಕವನು ಕರಿಬೇವು, ಸಾಸಿವೆ ಎರಡನ್ನೂ ಹೆಕ್ಕುತ್ತಿದ್ದ. ಸಾಸಿವೆ ಹೆಕ್ಕುವ ತಾಳ್ಮೆ ಇರುವವನಿಗೆ ಹೋಂವರ್ಕ್ ಬರೆಯುವ ತಾಳ್ಮೆ ಇರಲಿಲ್ಲ.

ಎರಡರಿಂದ ಆರು ವರ್ಷದ ಮಕ್ಕಳು ಹೊಸ ರುಚಿಗೆ ಹೆದರುವುದು ಮಾಮೂಲು ಅಂತ ನಮ್ಮ ಮಕ್ಕಳ ಡಾಕ್ಟರು ಹೇಳಿದ್ದರು. ಒಂದು ತಿನಿಸನ್ನು ಎಂಟು, ಹತ್ತು, ಕೆಲವು ಸಲ ಹದಿನೈದು ಬಾರಿ ಮುಂದಿಟ್ಟ ಮೇಲೆ ಬಾಯಿಗೆ ಹಾಕಿಕೊಳ್ಳುವ ಮಕ್ಕಳಿದ್ದಾರೆ. ನಾವು ಮೂರನೇ ಸಲಕ್ಕೇ "ಇವನು ತಿನ್ನಲ್ಲ" ಅಂತ ಬರೆದಿಟ್ಟುಬಿಡ್ತೀವಿ. ತಟ್ಟೆಯಲ್ಲಿ ಅವನು ಖಂಡಿತ ತಿನ್ನುವ ಒಂದು ಪದಾರ್ಥ ಇರಲಿ. ಪಕ್ಕದಲ್ಲಿ ಒಂದು ಚಮಚ ಹೊಸದು. ತಿನ್ನು ಅಂತ ಗೋಗರೆಯಬೇಡಿ. ತೂಕ ಇಳಿಯುತ್ತಿದ್ದರೆ, ಅಥವಾ ಮೊದಲು ತಿನ್ನುತ್ತಿದ್ದದ್ದನ್ನೂ ಒಂದೊಂದಾಗಿ ಬಿಡುತ್ತಾ ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ.

---

ಹಳೇ_ಕಾಲದವನು · 10:11

ನಮ್ಮ ಕಾಲದಲ್ಲಿ ಹಾಕಿದ್ದು ತಿನ್ನದಿದ್ದರೆ ಅಪ್ಪನ ಕೈಯಲ್ಲಿ ಎರಡು ಬೀಳುತ್ತಿತ್ತು. ಬಿಳಿ ಅಂತೆ, ಮಾಂಸ ಬಿಟ್ಟಳಂತೆ. ಎಲ್ಲಾ ನಾಟಕ. ಒಂದು ದಿನ ಉಪವಾಸ ಕೆಡವಿ, ಸರಿಹೋಗ್ತಾರೆ.

---

ಇಬ್ಬರ_ಅಮ್ಮ · 10:14

ಸಾರ್, ನೀವು ಈಗ ಹಾಗಲಕಾಯಿ ತಿಂತೀರಾ?

---

ಹಳೇ_ಕಾಲದವನು · 10:20

ಇಲ್ಲ. ಅದು ಬೇರೆ ವಿಷಯ.

---

ಬಸ್ಸಾರು_ಪ್ರೇಮಿ · 10:34

ಸೊಸೆಯವರೇ, ನಿಮ್ಮ ತೊಂದರೆ ಫ್ರೀಜರಿನದ್ದಲ್ಲ. ಅದರೊಳಗೆ ಇರುವುದೆಲ್ಲ ಸಾಮಾನು, ಊಟ ಒಂದೂ ಇಲ್ಲ. ಸಂಜೆ ಆರೂವರೆಗೆ ಇಟ್ಟಿಗೆ ಥರದ ಕೋಳಿ ನೋಡಿದರೆ ಯಾರಿಗೂ ಅಡುಗೆ ಮಾಡುವ ಮನಸ್ಸು ಬರುವುದಿಲ್ಲ.

ನಮ್ಮ ಮಂಡ್ಯ ಕಡೆಯ ಬಸ್ಸಾರು ಯೋಚಿಸಿ. ಒಂದೇ ಪಾತ್ರೆಯಲ್ಲಿ ಕಾಳು, ಸೊಪ್ಪು ಬೇಯುತ್ತೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಖಾರ ಬೇಡದ ಮಗುವಿಗೆ ಬರೀ ಬೆಂದ ಕಾಳು, ತುಪ್ಪ, ಅನ್ನ. ನಮ್ಮಜ್ಜಿ ಒಂಬತ್ತು ಜನರ ಮನೆಯಲ್ಲಿ ಒಂಬತ್ತು ಅಡುಗೆ ಮಾಡುತ್ತಿರಲಿಲ್ಲ. ಒಂದು ಅಡುಗೆಯನ್ನು ನಡುವೆ ಎಲ್ಲಿ ನಿಲ್ಲಿಸಬೇಕು ಅಂತ ಅವಳಿಗೆ ಗೊತ್ತಿತ್ತು.

ನೀವೂ ಹಾಗೇ ನಿಲ್ಲಿಸಿ. ಭಾನುವಾರ ಕೂತು ಹಿತಕಿದ ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ. ಮೆತ್ತಗಾಗಬಾರದು, ಬೆರಳಲ್ಲಿ ಒತ್ತಿದರೆ ಒಡೆಯಬೇಕು ಅಷ್ಟೆ. ಕಟ್ಟು ಬೇರೆ, ಬೇಳೆ ಬೇರೆ ಡಬ್ಬಿ. ಖಾರ ಬೇರೆ ರುಬ್ಬಿ ಐಸ್ ಟ್ರೇನಲ್ಲಿ ಗಟ್ಟಿ ಮಾಡಿ ಕವರಿಗೆ ಸುರಿಯಿರಿ. ಅದೇ ಖಾರದ ನಾಲ್ಕು ತುಂಡು ಕೋಳಿಗೆ, ಎರಡು ತುಂಡು ಮಗಳ ಕಾಳಿನ ಸಾರಿಗೆ. ಸಂಜೆ ಇಪ್ಪತ್ತು ನಿಮಿಷದ ಕೆಲಸ.

---

ಸೊಗಡವರೆ · 10:41

ಟ್ರೇ ಬೇರೆ ಇಟ್ಟುಕೊಳ್ಳಿ! ನಾನು ಮನೆಯ ಐಸ್ ಟ್ರೇಗೇ ಬೆಳ್ಳುಳ್ಳಿ ಖಾರ ಹಾಕಿದ್ದೆ. ಅದಾದ ಮೇಲೆ ಒಂದು ತಿಂಗಳು ನಿಂಬೆಹಣ್ಣಿನ ಪಾನಕ ಕುಡಿದವರೆಲ್ಲ ನನ್ನ ಮುಖ ನೋಡುತ್ತಿದ್ದರು.

---

ಕುವೆಂಪುನಗರದ_ಸೊಸೆ · 10:50

@ಬಸ್ಸಾರು_ಪ್ರೇಮಿ, ಇದು ಹೊಳೆದೇ ಇರಲಿಲ್ಲ. ಆದರೆ ಹಸಿ ಬೇಳೆ ಈಗಾಗಲೇ ಫ್ರೀಜ್ ಆಗಿದೆ. ಕರಗಿಸಿ ಬೇಯಿಸಿ ಮತ್ತೆ ಫ್ರೀಜ್ ಮಾಡಬಹುದಾ? ಮತ್ತೆ ಮತ್ತೆ ಇಟ್ಟರೆ ವಿಷ ಅಂತಾರಲ್ಲ?

---

ಮಲ್ಲಿಗೆ_ಮನೆ · 10:53

ಖಂಡಿತ ಮಾಡಬಾರದು. ಒಮ್ಮೆ ಕರಗಿದ್ದು ಯಾವತ್ತೂ ಮತ್ತೆ ಒಳಗೆ ಹೋಗಬಾರದು.

---

ನಿವೃತ್ತ_ಲ್ಯಾಬ್ · 11:15

ಅಷ್ಟು ಕಡ್ಡಾಯ ಏನಿಲ್ಲಮ್ಮ. ನಾನು ಆಹಾರ ಸಂಶೋಧನೆಯಲ್ಲಿ ಮೂವತ್ತು ವರ್ಷ ಇದ್ದವನು. ಮೈಸೂರಿನಲ್ಲಿ ಅಂಥವು ಎರಡಿವೆ. 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಸಿಎಫ್‌ಟಿಆರ್‌ಐ ಒಂದು, ಸೈನ್ಯಕ್ಕಾಗಿ 1961ರಲ್ಲಿ ಶುರುವಾದ ಡಿಎಫ್‌ಆರ್‌ಎಲ್ ಇನ್ನೊಂದು. ನಾನು ಯಾವುದರಲ್ಲಿದ್ದೆ ಅಂತ ಹೇಳಿದರೆ ಹಳೇ ಸಹೋದ್ಯೋಗಿಗಳು ಇಲ್ಲಿಗೂ ಬಂದು ಜಗಳ ಆಡುತ್ತಾರೆ.

ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಸಾಯುವುದೂ ಇಲ್ಲ, ನಿದ್ದೆ ಮಾಡುತ್ತವೆ. ಹೊರಗೆ ಇಟ್ಟಾಗ ಎದ್ದು ಕೆಲಸ ಶುರು ಮಾಡುತ್ತವೆ. ಹಾಗಾಗಿ ಎಷ್ಟು ಸಲ ಫ್ರೀಜ್ ಮಾಡಿದಿರಿ ಅನ್ನೋದಕ್ಕಿಂತ ಎಲ್ಲಿ ಕರಗಿಸಿದಿರಿ ಅನ್ನೋದು ಮುಖ್ಯ. ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, ನಾಲ್ಕು ಡಿಗ್ರಿ ಆಸುಪಾಸಿನಲ್ಲಿ, ರಾತ್ರಿಯಿಡೀ ಕರಗಿದ್ದನ್ನು ಚೆನ್ನಾಗಿ ಬೇಯಿಸಿ, ಬೇಗ ಆರಿಸಿ, ಮತ್ತೆ ಫ್ರೀಜ್ ಮಾಡಬಹುದು. ಬೆಳಿಗ್ಗೆ ಸಿಂಕಿನಲ್ಲಿ ಹಾಕಿ ಆಫೀಸಿಗೆ ಹೋಗಿ ಸಂಜೆ ಬಂದು ನೋಡುವ ಕೋಳಿ ಇದೆಯಲ್ಲ, ಅದು ಬೇಡ. ಮತ್ತೆ ಫ್ರೀಜ್ ಮಾಡುವುದಿರಲಿ, ತಿನ್ನುವುದೂ ಬೇಡ.

ಅರ್ಜೆಂಟಿದ್ದರೆ ಗಾಳಿ ಹೋಗದ ಕವರಿನಲ್ಲಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಕರಗಿದ ತಕ್ಷಣ ಒಲೆಗೆ ಹೋಗಬೇಕು.

ನಿಮ್ಮ ಯಜಮಾನರ "ವಾಸನೆ" ಸುಳ್ಳಲ್ಲ. ತೆಳು ಕವರಿನಲ್ಲಿ ಗಾಳಿ ಇದ್ದರೆ ಮಾಂಸದ ಮೇಲ್ಭಾಗದ ನೀರು ಆವಿಯಾಗಿ ಹೋಗಿ ಬಿಳಿಚಿಕೊಂಡು ಒಣಗುತ್ತೆ, ಕೊಬ್ಬು ಕಮಟು ಆಗುತ್ತೆ. ಕೆಟ್ಟಿದೆ ಅಂತಲ್ಲ, ರುಚಿ ಹೋಗಿದೆ. ಒಣಗಿದ ಕಡೆ ಕತ್ತರಿಸಿ ತೆಗೆಯಿರಿ.

---

ಮದ್ದೂರ್_ಹೈದ · 11:22

ಸಾರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕರಗಿದ ಕೋಳೀನ ಅರಿಶಿನ, ಉಪ್ಪು, ಈರುಳ್ಳಿ ಹಾಕಿ ಎಣ್ಣೇಲಿ ಚೆನ್ನಾಗಿ ಬಾಡಿಸಿ. ಬಿಟ್ಟ ನೀರೆಲ್ಲ ಹಿಂಗಿ, ಎಣ್ಣೆ ಬೇರೆಯಾಗಿ ಚರ್ ಅನ್ನಬೇಕು. ಅಲ್ಲೀತನಕ ಖಾರ ಹಾಕ್ಬೇಡಿ. ಅರ್ಧ ಜನ ಇಲ್ಲೇ ಆತುರ ಪಡೋದು. ಅಂಗೆ ಮಾಡಿದ್ರೆ ಯಾವ ವಾಸನೇನೂ ಇರಲ್ಲ. ನಾಟಿ ಕೋಳಿ ಅಲ್ವಾ, ಬ್ರಾಯ್ಲರ್‌ಗಿಂತ ಮೂರು ಕೂಗು ಜಾಸ್ತಿ ಕೂಗಿಸಿ.

---

ಹೊಸಬ_ವಿಜಯನಗರ · ಸೋಮವಾರ ಬೆಳಿಗ್ಗೆ 7:02

ಒಂದು ಡೌಟು. ಮುದ್ದೆ ಮಾಡಿ ಫ್ರೀಜ್ ಮಾಡಬಹುದಾ?

---

ಮದ್ದೂರ್_ಹೈದ · 7:05

ಈ ಪ್ರಶ್ನೆ ಕೇಳಿದವರ ಆಧಾರ್ ಕಾರ್ಡ್ ನೋಡಿ. ಮಂಡ್ಯ ಜಿಲ್ಲೆ ಅಂತ ಇದ್ದರೆ ವಾಪಸ್ ಈಸ್ಕೊಳ್ಳಿ.

---

ಬಸ್ಸಾರು_ಪ್ರೇಮಿ · 7:09

ಮುದ್ದೆಗೆ ಎರಡೇ ಜಾಗ. ಪಾತ್ರೆ, ಹೊಟ್ಟೆ.

---

ಹೊಸಬ_ವಿಜಯನಗರ · 7:10

ಕೇಳಿದ್ದೇ ತಪ್ಪಾಯ್ತು ಕಣ್ರಪ್ಪ. ನಾನು ಹಾಸನದವನು.

---

ಮಲ್ಲಿಗೆ_ಮನೆ · 8:30

ನಾವು ಮಾಂಸ ತಿನ್ನುವವರಲ್ಲ, ಆದರೂ ಫ್ರೀಜರ್ ಗೋಳು ಒಂದೇ. ಮನೆಯ ಮೂರು ಜನಕ್ಕೆ ಮೂರು ಬಗೆ. ನಾನು ಕಲಿತದ್ದು: ಆಲೂಗಡ್ಡೆ ಹಾಕಿದ ಹುಳಿಯನ್ನು ಫ್ರೀಜ್ ಮಾಡಬೇಡಿ. ಕರಗಿದಾಗ ಆಲೂಗಡ್ಡೆ ಸ್ಪಂಜು, ಒಳಗೆ ಮರಳು ಮರಳು. ಬೇಳೆ, ಕಾಳು ಏನೂ ಆಗಲ್ಲ. ಆಲೂಗಡ್ಡೆಯನ್ನು ಅವತ್ತೇ ಹೊಸದಾಗಿ ಬೇಯಿಸಿ ಸೇರಿಸಿ. ಮೊಸರೂ ಅಷ್ಟೇ, ಒಡೆದು ನೀರಾಗುತ್ತೆ.

ಇನ್ನೊಂದು ಹೇಳಲೇಬೇಕು. ನಮ್ಮತ್ತೆ ಒಂದು ಶುಕ್ರವಾರ "ಫ್ರೀಜರಿನಲ್ಲಿ ತೆಂಗಿನ ತುರಿ ಇದೆ, ಚಟ್ನಿ ಮಾಡು" ಅಂದರು. ಬಿಳಿ ಡಬ್ಬಿ ತೆಗೆದೆ, ಮಿಕ್ಸಿಗೆ ಹಾಕಿದೆ, ಹಸಿಮೆಣಸಿನಕಾಯಿ, ಹುರಿಗಡಲೆ, ಉಪ್ಪು ಹಾಕಿ ರುಬ್ಬಿದೆ. ಮುಚ್ಚಳ ತೆಗೆದರೆ ದೇವರ ಮನೆ ಪರಿಮಳ. ಅವರು ಪೂಜೆಗೆ ಅಂತ ಬಿಡಿಸಿಟ್ಟ ಮೈಸೂರು ಮಲ್ಲಿಗೆ ಅದು. ನನ್ನ ಹೆಸರು ಇಲ್ಲಿ ಮಲ್ಲಿಗೆ_ಮನೆ ಆದದ್ದು ಹಾಗೆ.

---

ತಿಂಡಿಪೋತ_ಸರಸ್ವತಿಪುರಂ · 8:33

ದೋಸೆ ಜೊತೆ ಹೇಗಿತ್ತು?

---

ಮಲ್ಲಿಗೆ_ಮನೆ · 8:34

ಕಹಿ.

---

ಇಬ್ಬರ_ಅಮ್ಮ · 8:40

ಹೆಸರಿಲ್ಲದ ನಾಲ್ಕು ಗಡ್ಡೆಗೆ ಇದೇ ಪಾಠ. ಫ್ರೀಜ್ ಮಾಡುವ ಮೊದಲೇ, ಕವರ್ ಒಣಗಿರುವಾಗಲೇ, ಬಿಳಿ ಟೇಪ್ ಅಂಟಿಸಿ ಪೆನ್ನಲ್ಲಿ ಬರೆಯಿರಿ. ಏನು, ಯಾವತ್ತು, ಎಷ್ಟು ಜನಕ್ಕೆ. ತಣ್ಣಗಾದ ಮೇಲೆ ಟೇಪ್ ನಿಲ್ಲಲ್ಲ. ಉಂಡೆ ಉಂಡೆಯಾಗಿ ಕಟ್ಟಬೇಡಿ. ಕವರನ್ನು ತಟ್ಟೆ ಮೇಲೆ ಮಲಗಿಸಿ ಚಪ್ಪಟೆ ಮಾಡಿ ಗಟ್ಟಿಯಾಗಿಸಿ, ಆಮೇಲೆ ಪುಸ್ತಕದ ಹಾಗೆ ನಿಲ್ಲಿಸಿ. ಮೇಲಿನಿಂದ ಮುಚ್ಚಳ ಎತ್ತುವ ಫ್ರೀಜರ್‌ನಲ್ಲಿ ತಳದ್ದು ತಳದಲ್ಲೇ ಮುದುಕಾಗುತ್ತೆ. ಬಟ್ಟೆ ಚೀಲ ಇಡಿ: ಕೆಂಪು ಚೀಲ ಮಾಂಸ, ಹಸಿರು ಚೀಲ ಕಾಳು. ಕೈ ಹಾಕಿ ಚೀಲ ಎತ್ತಿದರೆ ಆಯ್ತು.

---

ನಿವೃತ್ತ_ಲ್ಯಾಬ್ · 8:58

ಚಪ್ಪಟೆ ಮಾಡುವುದು ಜಾಗಕ್ಕೆ ಮಾತ್ರ ಅಲ್ಲ. ದಪ್ಪ ಗಡ್ಡೆ ನಿಧಾನ ಹೆಪ್ಪುಗಟ್ಟುತ್ತೆ. ನಿಧಾನ ಆದಷ್ಟೂ ದೊಡ್ಡ ದೊಡ್ಡ ಐಸ್ ಹರಳು. ಅವು ತರಕಾರಿಯ ಒಳಗಿನ ಗೋಡೆ ಸೀಳುತ್ತವೆ. ಅದಕ್ಕೇ ಕರಗಿದಾಗ ನೀರು ಬಿಟ್ಟು ಮೆತ್ತಗಾಗೋದು. ಬಟಾಣಿಯನ್ನು ಹಸಿಯಾಗಿ ಇಟ್ಟಿದ್ದರೆ ಬೇಗ ಮುಗಿಸಿ, ಕಿಣ್ವಗಳು ಫ್ರೀಜರಿನಲ್ಲೂ ನಿಧಾನವಾಗಿ ಕೆಲಸ ಮಾಡುತ್ತವೆ, ಬಣ್ಣ-ರುಚಿ ಇಳಿಯುತ್ತೆ. ಮುಂದಿನ ಸಲ ಕುದಿಯುವ ನೀರಲ್ಲಿ ಒಂದೂವರೆ-ಎರಡು ನಿಮಿಷ ಹಾಕಿ, ತಕ್ಷಣ ಐಸ್ ನೀರಿಗೆ ಹಾಕಿ, ಬಟ್ಟೆ ಮೇಲೆ ಪೂರ್ತಿ ಒಣಗಿಸಿ ಇಡಿ.

---

ಸೊಗಡವರೆ · 9:20

ಎಲ್ಲಾ ಸರಿ. ಆದರೆ ಒಂದು ಸತ್ಯ ಒಪ್ಪಿಕೊಳ್ಳೋಣ. ಫ್ರೀಜರ್ ಅವರೆಯಲ್ಲಿ ಸೊಗಡು ಇಲ್ಲ. ಆಷಾಢದಲ್ಲಿ ಹಿತಕಿದ ಬೇಳೆ ಸಾರು ಅನ್ನೋದೇ ಒಂಥರಾ ಮೋಸ.

---

ಬಸ್ಸಾರು_ಪ್ರೇಮಿ · 9:26

ತಪ್ಪು. ಸೊಗಡು ಇರುವುದು ಕಾಯಿಯ ಸಿಪ್ಪೆ ಮೇಲಿನ ಜಿಡ್ಡಿನಲ್ಲಿ. ಬಿಡಿಸುವಾಗ ಬೆರಳಿಗೆ ಅಂಟುತ್ತಲ್ಲ, ಅದು. ಹಿತಕಿದ ಬೇಳೆಯಲ್ಲಿ ಕಾಯಿ ಸಿಪ್ಪೆಯೂ ಹೋಯ್ತು, ಕಾಳಿನ ಸಿಪ್ಪೆಯೂ ಹೋಯ್ತು. ತಾಜಾ ಇದ್ದರೂ ಸೊಗಡು ಕಮ್ಮಿಯೇ. ಫ್ರೀಜರ್ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?

---

ಸೊಗಡವರೆ · 9:31

ಬಿಡಿಸಿದವರ ಕೈಯಿಂದ ಬೇಳೆಗೆ ಬರುತ್ತೆ ಸ್ವಾಮಿ. ಕೈ ತೊಳೆಯದೇ ಹಿಚುಕಬೇಕು.

---

ಹೊಸಬ_ವಿಜಯನಗರ · 9:33

ಹಿತಕಿದ್ದಾ, ಹಿಚುಕಿದ್ದಾ, ಹಿದುಕಿದ್ದಾ?

---

ಮದ್ದೂರ್_ಹೈದ · 9:34

ಇಸ್ಕಿದ್ ಬೇಳೆ. ಮುಂದಕ್ಕೆ ಹೋಗಿ.

---

ಕುವೆಂಪುನಗರದ_ಸೊಸೆ · 1:15

ಊಟದ ಬ್ರೇಕಿನಲ್ಲಿ ಬರೀತಾ ಇದ್ದೀನಿ. ನಿನ್ನೆ ರಾತ್ರಿಯೇ ಎರಡು ಕವರ್ ಬೇಳೆ, ಒಂದು ಕೋಳಿ ತೆಗೆದು ಕೆಳಗಿನ ಫ್ರಿಜ್ಜಿನಲ್ಲಿ ಇಟ್ಟೆ, ಕೋಳಿಯ ಕೆಳಗೆ ತಟ್ಟೆ ಕೊಟ್ಟು. ಬೇಳೆ ಬೆಳಿಗ್ಗೆಗೇ ಕರಗಿತ್ತು, ಕೋಳಿಯ ನಡುಭಾಗ ಇನ್ನೂ ಕಲ್ಲು. ನಾಳೆಗೆ ಆಗುತ್ತೇನೋ.

ಮಗನ ವಿಷಯಕ್ಕೆ ನಮ್ಮಕ್ಕ ಒಂದು ಐಡಿಯಾ ಕೊಟ್ಟಳು. ಬೇಳೆಯನ್ನು ನುಣ್ಣಗೆ ರುಬ್ಬಿ ಅಕ್ಕಿ ರೊಟ್ಟಿ ಹಿಟ್ಟಿಗೆ ಕಲಸಿದರೆ ಗೊತ್ತೇ ಆಗಲ್ವಂತೆ. ಮಾಡಲಾ?

---

ಇಬ್ಬರ_ಅಮ್ಮ · 1:22

ಬೇಡ ರೀ. ನಾನು ದೋಸೆಯಲ್ಲಿ ಕುಂಬಳಕಾಯಿ ಅಡಗಿಸಿದ್ದೆ. ಸಿಕ್ಕಿಬಿದ್ದೆ. ಒಂದೂವರೆ ತಿಂಗಳು ದೋಸೆಯನ್ನೂ ಬಿಟ್ಟ. ಇದ್ದ ಒಂದು ತಿಂಡಿಯೂ ಹೋಯ್ತು.

---

ತಿಂಡಿಪೋತ_ಸರಸ್ವತಿಪುರಂ · 1:30

ನಮ್ಮಮ್ಮ ನನಗೆ ಹದಿನೆಂಟು ವರ್ಷ ಚಪಾತಿಯಲ್ಲಿ ಮೆಂತ್ಯ ಸೊಪ್ಪು ಅಡಗಿಸಿ ತಿನ್ನಿಸಿದ್ದಾರೆ. ನಾನು ಚೆನ್ನಾಗೇ ಇದ್ದೀನಿ. ಅಡಗಿಸಿ, ಅಡಗಿಸಿ.

---

ಬಸ್ಸಾರು_ಪ್ರೇಮಿ · 1:41

ಅಡಗಿಸುವ ಬದಲು ಅವನ ಕೈಗೇ ಕೊಡಿ. ರೊಟ್ಟಿ ಹಿಟ್ಟು ತಟ್ಟುವಾಗ ಐದು ಬೇಳೆ ಕೊಟ್ಟು "ಎಲ್ಲಿ ಒತ್ತಬೇಕೋ ಒತ್ತು" ಅನ್ನಿ. ಸಾಲು ಜೋಡಿಸುವುದರಲ್ಲಿ ಅವನು ನಿಪುಣ ಅಲ್ವಾ? ಹಿತಕಿದ ಬೇಳೆ ಹೆಚ್ಚುಕಮ್ಮಿ ಬಿಳಿಯೇ.

---

ಪಿಯುಸಿ_ಹುಡುಗಿ · 4:50

ಅಕ್ಕಾ, ನಿಮ್ಮ ಮಗಳ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ. ನಾನೂ ಏಳನೇ ಕ್ಲಾಸಿನಲ್ಲಿ ಬಿಟ್ಟೆ, ಮತ್ತೆ ಶುರು ಮಾಡಿಲ್ಲ. ಮನೆಯಲ್ಲಿ ಕೋಳಿ ಮಾಡಿದ ದಿನ ನನಗೆ "ಸಾರಿನ ರಸ ಮಾತ್ರ ಹಾಕ್ಕೋ" ಅಂತ ಹೇಳುತ್ತಿದ್ದರು. ಅದು ತುಂಬಾ ಬೇಜಾರು. ಅವಳಿಗೆ ಸೌಟು ಬೇರೆ ಇಡಿ, ಪಾತ್ರೆ ಬೇರೆ ಇಡಿ. ಅಷ್ಟು ಸಾಕು. ಮತ್ತೆ ಅವಳಿಗೆ ಕಾಳು ಕೊಡಿ, ಬರೀ ಅನ್ನ-ತಿಳಿಸಾರು ಕೊಡಬೇಡಿ, ಬೆಳೆಯೋ ವಯಸ್ಸು. ನಿಮ್ಮ ಫ್ರೀಜರಿನಲ್ಲಿ ಅವರೆ, ತೊಗರಿ, ಬಟಾಣಿ ಮೂರೂ ಇದೆ. ನಿಜ ಹೇಳಬೇಕೆಂದರೆ ಅರ್ಧ ಫ್ರೀಜರ್ ಅವಳದ್ದೇ.

---

ಕುವೆಂಪುನಗರದ_ಸೊಸೆ · 5:05

ಅರ್ಧ ಫ್ರೀಜರ್ ಅವಳದ್ದೇ! ನಾನು ಇಷ್ಟು ದಿನ ಅವಳಿಗೆ ಏನೂ ಇಲ್ಲ ಅಂತಲೇ ಲೆಕ್ಕ ಹಾಕುತ್ತಿದ್ದೆ. ಥ್ಯಾಂಕ್ಸ್ ಪುಟ್ಟ.

---

ಕಾವೇರಿ_ನೀರು · 6:10

ಕೈಮಾಗೆ: ಉಂಡೆ ಕಟ್ಟಿ. ಕರಗಿಸಿ, ಹುರಿಗಡಲೆ ಪುಡಿ, ತೆಂಗಿನ ತುರಿ, ಈರುಳ್ಳಿ, ಖಾರ ಹಾಕಿ ರುಬ್ಬಿ ಉಂಡೆ ಮಾಡಿ, ಸಾರಲ್ಲಿ ಬೇಯಿಸಿ. ಬೆಂದ ಉಂಡೆ ಸಾರಿನ ಸಮೇತ ಮತ್ತೆ ಫ್ರೀಜರಿಗೆ. ಕೈಮಾದಂಥ ಅರೆದ ಮಾಂಸ ಮೂರು-ನಾಲ್ಕು ತಿಂಗಳೊಳಗೆ ಮುಗಿಸಿದರೆ ರುಚಿ, ಅದನ್ನು ಮೊದಲು ತೆಗೆಯಿರಿ. ಕೋಳಿ ಕಾಯುತ್ತೆ.

ಮತ್ತೆ ಕರೆಂಟು? ನಮ್ಮ ಊರಲ್ಲಿ ಒಂದು ಸಲ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕತ್ತಲು. ನಮ್ಮಪ್ಪ ಗಂಟೆಗೊಮ್ಮೆ ಮುಚ್ಚಳ ತೆಗೆದು "ಇನ್ನೂ ಗಟ್ಟಿ ಇದೆಯಾ" ಅಂತ ನೋಡಿ ನೋಡಿಯೇ ಕರಗಿಸಿದರು.

---

ನಿವೃತ್ತ_ಲ್ಯಾಬ್ · 6:25

ಹ್ಹಹ್ಹ. ತುಂಬಿದ ಫ್ರೀಜರ್ ಮುಚ್ಚಳ ತೆಗೆಯದೇ ಇದ್ದರೆ ಸುಮಾರು 48 ಗಂಟೆ ತಡೆಯುತ್ತೆ, ಅರ್ಧ ತುಂಬಿದ್ದರೆ 24. ಊರಿಗೆ ಹೋಗುವಾಗ ಒಂದು ಲೋಟ ನೀರು ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ವಾಪಸ್ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ನೋಡೋಕೆ ಚೆನ್ನಾಗೇ ಇರುತ್ತೆ, ಎಸೆಯಿರಿ.

---

ಮದ್ದೂರ್_ಹೈದ · 6:31

ರೂಪಾಯಿನೂ ಎಸೀಬೇಕಾ ಸಾರ್?

---

ಕುವೆಂಪುನಗರದ_ಸೊಸೆ · ಮುಂದಿನ ಭಾನುವಾರ ಸಂಜೆ 6:20

ಒಂದು ವಾರದ ವರದಿ. ಎಲ್ಲಾ ಚೆನ್ನಾಗಿ ಆಗಲಿಲ್ಲ, ಮೊದಲೇ ಹೇಳ್ತೀನಿ.

ಸೋಮವಾರ ರಾತ್ರಿ ಕೂತು ಬೇಳೆ ಬೇಯಿಸಿ, ಕಟ್ಟು ಬೇರೆ ಮಾಡಿ, ಖಾರ ರುಬ್ಬಿ ಹೊಸ ಟ್ರೇಗೆ ಹಾಕಿದೆ. ಮಂಗಳವಾರ ನಾಟಿ ಕೋಳಿ. ಮದ್ದೂರಿನವರು ಹೇಳಿದ ಹಾಗೆ ಚರ್ ಅನ್ನುವತನಕ ಬಾಡಿಸಿದೆ, ಇಪ್ಪತ್ತೈದು ನಿಮಿಷ ಹಿಡಿಯಿತು. ನಮ್ಮನೆಯವರು ಮೂಸಿ ನೋಡಿದರು, ಏನೂ ಹೇಳಲಿಲ್ಲ, ಎರಡನೇ ಮುದ್ದೆ ಹಾಕಿಸಿಕೊಂಡರು. ಮಗಳಿಗೆ ಅದೇ ಖಾರದ ಎರಡು ತುಂಡು ಹಾಕಿ ತೊಗರಿಕಾಳು-ಆಲೂಗಡ್ಡೆ ಸಾರು, ಬೇರೆ ಪಾತ್ರೆ, ಬೇರೆ ಸೌಟು. ಸೌಟಿಗೆ ಅವಳೇ ಹಸಿರು ದಾರ ಕಟ್ಟಿದಳು.

ಬುಧವಾರ ಕೈಮಾ ಉಂಡೆ. ಒಡೆದು ಹೋದವು. ಕರಗಿದ ನೀರನ್ನು ಪೂರ್ತಿ ಹಿಂಡಿರಲಿಲ್ಲ. ಕೈಮಾ ಗೊಜ್ಜು ಅಂತ ಹೆಸರಿಟ್ಟು ಬಡಿಸಿದೆ. ಗುರುವಾರ ಆಫೀಸಿನಿಂದ ತಡವಾಗಿ ಬಂದೆ. ಉಪ್ಪಿಟ್ಟು, ಆದರೆ ಬಟಾಣಿ ಹಾಕಿ. ಶುಕ್ರವಾರ ಆಷಾಢ ಶುಕ್ರವಾರ, ಬೆಟ್ಟಕ್ಕೆ ಹೋಗಿ ಕ್ಯೂನಲ್ಲಿ ನಿಂತು ಸುಸ್ತು, ಹೂರಣದ ಒಂದು ಡಬ್ಬಿ ತೆಗೆದು ಒಬ್ಬಟ್ಟು ಮಾಡಿದೆ. ಅದೊಂದಕ್ಕೆ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ.

ಮಗ ನಿನ್ನೆ ರೊಟ್ಟಿಗೆ ಬೇಳೆ ಒತ್ತಿದ. ಐದು ಕೊಟ್ಟಿದ್ದೆ, ಇನ್ನೂ ಬೇಕು ಅಂದ, ಎಣಿಸಿ ಹದಿನಾಲ್ಕು ಒತ್ತಿದ. ಕಣ್ಣು, ಮೂಗು, ಬಾಯಿ. ಬೆಂದ ಮೇಲೆ ರೊಟ್ಟಿ ತಿಂದ. ಬೇಳೆಗಳನ್ನು ಹೆಕ್ಕಿ ಅಂಚಿಗೆ ಜೋಡಿಸಿದ. ಹದಿಮೂರು ಇತ್ತು. ಒಂದು ಎಲ್ಲಿ ಹೋಯ್ತು ಅಂತ ನಾನು ಕೇಳಲಿಲ್ಲ.

ಗಡ್ಡೆಗಳು: ಕಂದು ಬಣ್ಣದ್ದು ಒಬ್ಬಟ್ಟಿನ ಸಾರು. ಹಳದಿ ಎರಡರಲ್ಲಿ ಒಂದು ಹಲಸಿನ ತೊಳೆ, ಇನ್ನೊಂದು ಅರಿಶಿನ ಹಚ್ಚಿದ ಮೀನು (ಇದು ನೆನಪೇ ಇಲ್ಲ). ನಾಲ್ಕನೆಯದನ್ನು ತೆಗೆದು ನೋಡಿ, ಯಾರಿಗೂ ತೋರಿಸದೆ ಎಸೆದೆ.

ಈಗ ನಿಜವಾದ ಪ್ರಶ್ನೆ. ಮಾವನಿಗೆ ಹಿತಕಿದ ಬೇಳೆ ಸಾರು ಬಡಿಸಿದೆ. ಫ್ರೀಜರಿನದ್ದು ಅಂತ ಹೇಳಲಿಲ್ಲ. ಚೆನ್ನಾಗಿ ಊಟ ಮಾಡಿದರು. ಹೇಳಬೇಕಾ?

---

ಹಳೇ_ಕಾಲದವನು · 6:28

ಹೇಳಬಾರದು. ದೊಡ್ಡವರ ನಂಬಿಕೆ ಅದು.

---

ಇಬ್ಬರ_ಅಮ್ಮ · 6:30

ನಂಬಿಕೆ ಅಂತೀರಿ, ಸುಳ್ಳು ಹೇಳಿ ತಿನ್ನಿಸಿ ಅಂತೀರಿ. ಮಗನಿಗೆ ಅಡಗಿಸಬಾರದು ಅಂದ ಮೇಲೆ ಮಾವನಿಗೂ ಅಡಗಿಸಬಾರದು. ಹೇಳಿ.

---

ಮಲ್ಲಿಗೆ_ಮನೆ · 6:37

ಅಡುಗೆ ಅವತ್ತೇ ಮಾಡಿದ್ದಲ್ವಾ? ತಂಗಳು ಹೇಗಾಗುತ್ತೆ? ಒಣಗಿಸಿಟ್ಟ ಅವರೆಕಾಳು, ಸಂಡಿಗೆ, ಉಪ್ಪಿನಕಾಯಿ ಎಲ್ಲಾ ತಿಂತಾರಲ್ಲ.

---

ಸೊಗಡವರೆ · 6:44

ಆಷಾಢದಲ್ಲಿ ಹಿತಕಿದ ಬೇಳೆ ಎಲ್ಲಿಂದ ಬರುತ್ತೆ ಅಂತ ಪಾಂಡವಪುರದ ರೈತನಿಗೆ ಗೊತ್ತಿರಲ್ವಾ? ಯೋಚಿಸಿ.

---

ಕುವೆಂಪುನಗರದ_ಸೊಸೆ · ರಾತ್ರಿ 9:10

@ಸೊಗಡವರೆ, ನೀವು ಬರೆದದ್ದು ಓದಿ ಕೈ ತಣ್ಣಗಾಯ್ತು. ಈಗ ಊಟಕ್ಕೆ ಕೂತಾಗ ನಾನು ಬಾಯಿ ಬಿಡುವ ಮೊದಲೇ ಮಾವ ಕೇಳಿದರು, "ನಿಮ್ಮತ್ತೆ ಕಳಿಸಿದ ಬೇಳೆ ಇನ್ನೆಷ್ಟು ಕವರ್ ಐತಮ್ಮ?" ನಾಲ್ಕಿದೆ ಅಂದೆ. "ಕೊನೇದು ಒಗ್ಗರಣೆ ಹಾಕಿ ಉಸಲಿ ಮಾಡು, ಸಾರು ಬ್ಯಾಡ" ಅಂದರು.

---

ಮದ್ದೂರ್_ಹೈದ · 9:14

ಮಾವ ಗೆದ್ದರು.

---

ಹೊಸಬ_ವಿಜಯನಗರ · 9:30

ಖಾಲಿ ಆದಮೇಲೆ ಆ ಡೀಪ್ ಫ್ರೀಜರ್ ಮಾರ್ತೀರಾ? ನಮ್ಮ ಅಣ್ಣ ಕೇಳುತ್ತಿದ್ದಾನೆ.

---

ಕುವೆಂಪುನಗರದ_ಸೊಸೆ · 9:41

ಇನ್ನೂ ಒಂದು ಕೋಳಿ, ಕುರಿ ಕಾಲು, ಎರಡು ಕೆ.ಜಿ. ಬಟಾಣಿ ಇದೆ. ಶ್ರಾವಣ ಮುಗಿಯಲಿ, ನೋಡೋಣ. ಕುರಿ ಕಾಲು ಸೂಪಿಗೆ ಎಷ್ಟು ಕೂಗು ಕೂಗಿಸಬೇಕು ಯಾರಾದರೂ ಹೇಳಿ ಮೊದಲು.